ಮಗುವಿನ ಪ್ರಶ್ನೆ, ಮನೆಯ ಉತ್ತರ

ದುಃಖವು ವಯಸ್ಸನ್ನು ನೋಡಿಕೊಂಡು ಮನೆಗೆ ಬರುವುದಿಲ್ಲ. ಹಿರಿಯರು ತಮಗೊದಗಿದ ದುಃಖವನ್ನು ಶಾಸ್ತ್ರವಚನದಿಂದಲೋ, ಬಂಧುಜನರ ಸಾಂತ್ವನದಿಂದಲೋ, ವ್ಯವಹಾರದ ಒತ್ತಡದಿಂದಲೋ ಹೇಗೋ ಸಹಿಸಿಕೊಳ್ಳುತ್ತಾರೆ. ಅದೇ ಮನೆಯ ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿರುವ ನಾಲ್ಕೈದು ವರ್ಷದ ಮಗುವಿಗೆ ಈ ಯಾವ ಆಶ್ರಯವೂ ಇರುವುದಿಲ್ಲ. ಅಮ್ಮ ಏಕೆ ಏಳುತ್ತಿಲ್ಲ, ಅವಳು ಏನು ತಪ್ಪು ಮಾಡಿದ್ದಳು, ದಿನವೂ ಪ್ರಾರ್ಥಿಸಿದರೂ ದೇವರು ಏಕೆ ಕೇಳಲಿಲ್ಲ ಎಂಬ ಪ್ರಶ್ನೆಗಳು ಅದರ ಬಾಯಿಂದ ಬಂದಾಗ ಪಂಡಿತರೂ ತಡವರಿಸುತ್ತಾರೆ. ಯಾವ ಮತದ ಮನೆಯಾದರೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಮಕ್ಕಳಿಗೆ ದುಃಖವನ್ನೂ ಶ್ರದ್ಧೆಯನ್ನೂ ಒಟ್ಟಿಗೆ ಹೇಗೆ ತಿಳಿಸಿಕೊಡುತ್ತ ಬಂದಿದ್ದಾರೆ ಎಂಬುದನ್ನು ನೋಡುವುದು ಈ ದೃಷ್ಟಿಯಿಂದ ಎಲ್ಲ ಗೃಹಸ್ಥರಿಗೂ ಪ್ರಯೋಜನಕರ.

ಆ ಮತದ ಪರಮಾಧಿಕಾರಿಯಾದ ಪೋಪರಿಗೇ ಮಕ್ಕಳು ಈ ಪ್ರಶ್ನೆಯನ್ನು ಕೇಳಿದ ಎರಡು ಪ್ರಸಂಗಗಳು ಉಲ್ಲೇಖನೀಯವಾಗಿವೆ. 2011ರ ಮಾರ್ಚ್ ತಿಂಗಳಲ್ಲಿ ಜಪಾನಿನಲ್ಲಿ ಭೂಕಂಪವೂ ಸುನಾಮಿಯೂ ಸಂಭವಿಸಿದ ಬಳಿಕ, ಏಪ್ರಿಲ್ 22ರ ಶುಭ ಶುಕ್ರವಾರದಂದು ಇಟಲಿಯ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಜಪಾನಿನ ಏಳು ವರ್ಷದ ಬಾಲಕಿಯೊಬ್ಬಳು, ತನಗೆ ಇಷ್ಟೊಂದು ಭಯ ಏಕೆ, ಮಕ್ಕಳು ಇಷ್ಟು ದುಃಖಪಡುವುದು ಏಕೆ ಎಂದು ಪೋಪ್ ಹದಿನಾರನೆಯ ಬೆನೆಡಿಕ್ಟರನ್ನು ಕೇಳಿದಳು. ಜೀವಮಾನವೆಲ್ಲ ದೇವತಾಶಾಸ್ತ್ರವನ್ನು ಬೋಧಿಸಿದ್ದ ಆ ವಿದ್ವಾಂಸರು, ತಮ್ಮಲ್ಲಿಯೂ ಅದೇ ಪ್ರಶ್ನೆಯಿದೆ, ಉತ್ತರ ತಮ್ಮ ಬಳಿ ಇಲ್ಲ, ಆದರೆ ಯೇಸುವೂ ನಿರಪರಾಧಿಯಾಗಿ ಹೀಗೆಯೇ ನೊಂದವನು ಎಂಬುದು ತಿಳಿದಿದೆ ಎಂಬರ್ಥದಲ್ಲಿ ಉತ್ತರಿಸಿದರು. 2015ರ ಜನವರಿ 18ರಂದು ಫಿಲಿಪ್ಪೀನ್ಸಿನ ಮನಿಲಾ ನಗರದಲ್ಲಿ, ಒಮ್ಮೆ ಬೀದಿಪಾಲಾಗಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಇದೇ ಪ್ರಶ್ನೆಯನ್ನು ಪೋಪ್ ಫ್ರಾನ್ಸಿಸರ ಮುಂದಿಟ್ಟು, ಮಾತು ಮುಗಿಸಲಾರದೆ ಅತ್ತುಬಿಟ್ಟಳು. ಅವರು ಬರೆದು ತಂದಿದ್ದ ಭಾಷಣವನ್ನು ಬದಿಗಿರಿಸಿ, ಉತ್ತರವಿಲ್ಲದ ಪ್ರಶ್ನೆಯನ್ನು ಕೇಳಿದವಳು ಇವಳೊಬ್ಬಳೇ, ಅಳಲು ಕಲಿತ ಹೃದಯಕ್ಕೆ ಮಾತ್ರ ಇದರ ಹತ್ತಿರ ಹೋಗಲು ಸಾಧ್ಯ ಎಂಬ ಅಭಿಪ್ರಾಯವನ್ನು ಹೇಳಿದರು. ಇಬ್ಬರೂ ಕಾರಣವನ್ನು ವಿವರಿಸಲು ಹೋಗದೆ ಮಗುವಿನ ಪಕ್ಕದಲ್ಲಿ ನಿಂತರು ಎಂಬುದು ಗಮನಿಸತಕ್ಕ ಅಂಶ.

ಇದಕ್ಕೆ ಅವರ ಧರ್ಮಗ್ರಂಥದಲ್ಲಿಯೇ ಆಧಾರವಿದೆ. ಯೋವಾನ್ನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳುತ್ತಾರೆ. ಇಬ್ಬರ ಪಾಪವೂ ಇದಕ್ಕೆ ಕಾರಣವಲ್ಲ ಎಂದು ಯೇಸು ಹೇಳುತ್ತಾನೆ. ಅದಕ್ಕೂ ಪೂರ್ವದ ಯೋಬನ ಗ್ರಂಥದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಸಜ್ಜನನ ಬಳಿಗೆ ಬಂದ ಮಿತ್ರರು ಅವನ ತಪ್ಪನ್ನು ಹುಡುಕಿ ಹುಡುಕಿ ಹೇಳುತ್ತಾರೆ. ಕೊನೆಗೆ ದೇವರ ಕೋಪಕ್ಕೆ ಗುರಿಯಾಗುವವರು ಆ ವಿವರಣೆಗಾರರೇ. ಪೋಪ್ ಎರಡನೆಯ ಜಾನ್ ಪಾಲ್ 1984ರ ಫೆಬ್ರುವರಿ 11ರಂದು ಮಾನವ ದುಃಖದ ಅರ್ಥವನ್ನು ಕುರಿತೇ ಒಂದು ದೀರ್ಘ ಪತ್ರವನ್ನು ಹೊರಡಿಸಿ ಯೋಬನ ವಿಷಯವನ್ನು ಅಲ್ಲಿ ವಿವೇಚಿಸಿದರು. ಆದರೆ ಗ್ರಂಥದಲ್ಲಿ ಇರುವುದೆಲ್ಲ ಮನೆಯಲ್ಲಿ ಇರುತ್ತದೆಯೆಂದು ಹೇಳಲಾಗದು. ತುಂಟತನ ಮಾಡಿದರೆ ದೇವರು ಶಿಕ್ಷಿಸುತ್ತಾನೆ ಎಂದು ಮಗುವನ್ನು ಹೆದರಿಸುವ ರೂಢಿ ಕ್ಯಾಥೊಲಿಕ್ ಮನೆಗಳಲ್ಲಿಯೂ ಇತ್ತು. ಹಾಗೆ ಕಲಿತ ಮಗು ತಾಯಿ ಕಾಯಿಲೆ ಬಿದ್ದ ದಿನ ತನ್ನನ್ನೇ ಅಪರಾಧಿಯೆಂದು ಭಾವಿಸಿಕೊಂಡರೆ ಆಶ್ಚರ್ಯವೇನು?

ಒಂದು ವರ್ತಕ ಕುಟುಂಬ

ಈ ವಿಷಯವನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಒಂದು ಕುಟುಂಬದ ಚರಿತ್ರೆ ಬಹಳ ಸಹಾಯಕವಾಗಿದೆ. ನಾರ್ಮಂಡಿ ಪ್ರಾಂತದ ಅಲಾಂಸೋನ್ ಪಟ್ಟಣದಲ್ಲಿ ಲೂಯಿ ಮಾರ್ಟಿನ್ ಎಂಬುವನು ಗಡಿಯಾರದ ಅಂಗಡಿ ಇಟ್ಟಿದ್ದನು. ಅವನ ಪತ್ನಿ ಝೆಲಿ ಸೂಜಿಯಿಂದ ಹೆಣೆಯುವ ಪ್ರಸಿದ್ಧ ಅಲಾಂಸೋನ್ ಲೇಸಿನ ವ್ಯಾಪಾರವನ್ನು ಸ್ವಂತವಾಗಿ ನಡೆಸುತ್ತಿದ್ದಳು. ಕೆಲಸಗಾರ್ತಿಯರು ಅವರವರ ಮನೆಗಳಲ್ಲಿ ಹೆಣೆದು ತಂದ ತುಂಡುಗಳನ್ನು ಜೋಡಣೆಯ ಗುರುತು ಕಾಣದಂತೆ ಸೇರಿಸುವ ಸೂಕ್ಷ್ಮ ಕೆಲಸ ಅವಳದು. ಯೌವನದಲ್ಲಿ ಇಬ್ಬರೂ ಸನ್ಯಾಸವನ್ನು ಬಯಸಿ ಅದು ಕೈಗೂಡದೆ ಹಿಂದಿರುಗಿದವರು. 1858ರ ಜುಲೈ 13ರಂದು ಅವರ ವಿವಾಹವಾಯಿತು. ಭಾನುವಾರ ಅಂಗಡಿ ತೆರೆದರೆ ಸುತ್ತಲಿನ ಹಳ್ಳಿಗಳ ಗಿರಾಕಿಗಳಿಂದ ಒಳ್ಳೆಯ ಲಾಭವಾಗುತ್ತದೆಯೆಂದು ಮಿತ್ರರು ಹೇಳಿದರೂ ಲೂಯಿ ಆ ವ್ರತವನ್ನು ಬಿಡಲಿಲ್ಲ. ಪತ್ನಿಯ ವ್ಯಾಪಾರ ಬೆಳೆದಾಗ 1870ರಲ್ಲಿ ಅವನು ತನ್ನ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಅವಳ ಲೆಕ್ಕಪತ್ರಗಳಿಗೂ ಓಡಾಟಕ್ಕೂ ನಿಂತನು. ಅವರ ಕಿರಿಯ ಮಗಳೇ ಮುಂದೆ ಲಿಸ್ಯೂವಿನ ಸಂತ ತೆರೇಸಾ ಎಂದು ಲೋಕಪ್ರಸಿದ್ಧಳಾದವಳು. ಕಲ್ಕತ್ತೆಯ ಮದರ್ ತೆರೇಸಾ ಇಟ್ಟುಕೊಂಡ ಹೆಸರು ಇವಳದೇ.

1860ರಿಂದ 1873ರವರೆಗೆ ಈ ದಂಪತಿಗಳಿಗೆ ಒಂಬತ್ತು ಮಕ್ಕಳು ಹುಟ್ಟಿದರು. 1867ರಿಂದ 1870ರೊಳಗೆ ನಾಲ್ವರು ತೀರಿಕೊಂಡರು. ಮೂವರು ಕೈಗೂಸುಗಳು, ಹೆಲೆನ್ ಎಂಬ ಹುಡುಗಿಗೆ ಮಾತ್ರ ಐದು ವರ್ಷ. ಉಳಿದವರು ಮರೀ, ಪೌಲೀನ್, ಲೆಯೋನಿ, ಸೆಲಿನ್ ಮತ್ತು ತೆರೇಸಾ ಎಂಬ ಐವರು ಹೆಣ್ಣುಮಕ್ಕಳು. ಝೆಲಿ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿರುವುದರಿಂದ ಆ ಮನೆಯಲ್ಲಿ ಸಾವನ್ನು ಹೇಗೆ ಕಂಡರು, ಅದನ್ನು ಮಕ್ಕಳಿಗೆ ಹೇಗೆ ಹೇಳಿದರು ಎಂಬುದು ವಿವರವಾಗಿ ತಿಳಿಯುತ್ತದೆ.

1871ರಲ್ಲಿ ಅವಳ ತಮ್ಮನ ಹೆಂಡತಿಯೂ ಹಸುಗೂಸನ್ನು ಕಳೆದುಕೊಂಡಾಗ ಝೆಲಿ ಅವಳಿಗೆ ಒಂದು ಪತ್ರ ಬರೆದಳು. ಸಾಯುವ ಮಕ್ಕಳನ್ನು ಹೆರುವುದಕ್ಕಿಂತ ಹೆರದೇ ಇರುವುದು ಮೇಲಾಗಿತ್ತು ಎಂದು ಜನ ತನಗೆ ಹೇಳಿದ್ದರೆಂದೂ, ಆ ಮಾತನ್ನು ತಾನು ಸಹಿಸಲಾರದೆ ಹೋದೆನೆಂದೂ, ಪಟ್ಟ ಶ್ರಮಕ್ಕಾಗಿ ತನಗೆ ಪಶ್ಚಾತ್ತಾಪವಿಲ್ಲವೆಂದೂ, ಮಕ್ಕಳು ಶಾಶ್ವತವಾಗಿ ಕಳೆದುಹೋಗಿಲ್ಲವೆಂದೂ ಅದರ ಸಾರಾಂಶ. ಬದುಕಿರುವ ಮಕ್ಕಳಿಗೂ ಅವಳು ಇದನ್ನೇ ಕಲಿಸಿದಳು. ತೀರಿಹೋದ ತಮ್ಮಂದಿರ ಹೆಸರನ್ನು ಆ ಮನೆಯಲ್ಲಿ ಮುಚ್ಚಿಡಲಿಲ್ಲ. ಹೆಲೆನ್‌ಗೆ ಕಿವಿಯ ಬಾಧೆ ಬಂದಾಗ, ಸ್ವರ್ಗದಲ್ಲಿರುವ ಪುಟ್ಟ ತಮ್ಮನನ್ನು ಕೇಳಿಕೋ ಎಂದು ತಾಯಿ ಹೇಳಿಕೊಟ್ಟಳು. ಮುಂದೆ ಬಾಲಕಿ ತೆರೇಸಾ ಸಣ್ಣಪುಟ್ಟದ್ದನ್ನೂ ಪಾಪವೆಂದು ಭಾವಿಸಿ ಕೊರಗುತ್ತಿದ್ದಾಗ, ತಾನು ಕಾಣದೆ ಇದ್ದ ಆ ನಾಲ್ವರು ಒಡಹುಟ್ಟಿದವರಿಗೇ ಮೊರೆಯಿಟ್ಟು ಶಾಂತಿ ಪಡೆದಳು. ಸತ್ತವರೂ ಕುಟುಂಬದ ಲೆಕ್ಕದಲ್ಲಿ ಸೇರಿರುತ್ತಾರೆ ಎಂಬ ಭಾವನೆ ಮಗುವಿಗೆ ಎಂಥ ಆಸರೆಯಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಅದೇ ಶ್ರದ್ಧೆಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಹೆಲೆನ್ ತೀರಿಕೊಂಡ ಮೇಲೆ, ಆ ಮಗು ಯಾವಾಗಲೋ ಒಂದು ಸಣ್ಣ ಸುಳ್ಳು ಹೇಳಿತ್ತೆಂಬುದು ನೆನಪಾಗಿ, ಪಾಪನಿವೇದನೆಯಿಲ್ಲದೆ ಹೋದ ಅದಕ್ಕೆ ಅಲ್ಲಿ ಏನು ಗತಿಯೋ ಎಂದು ಝೆಲಿ ತಳಮಳಿಸಿದಳು. ಕೊನೆಗೆ ಮನೆಯಲ್ಲಿದ್ದ ಮಾತೆ ಮೇರಿಯ ಪ್ರತಿಮೆಯ ಮುಂದೆ ಪ್ರಾರ್ಥಿಸಿದಾಗ ಅವಳಿಗೆ ಸಮಾಧಾನ ದೊರೆಯಿತು. ಐದು ವರ್ಷದ ಮಗುವಿನ ಸುಳ್ಳಿಗಾಗಿ ತಾಯಿ ಹೀಗೆ ನಡುಗಬೇಕಾಗಿ ಬಂದದ್ದು ಅಂದಿನ ಕಠಿಣ ಬೋಧನೆಯ ಫಲ. ಝೆಲಿಯ ಬಾಲ್ಯವೂ ಅಂಥದೇ. ಅವಳ ತಾಯಿ ಧರ್ಮನಿಷ್ಠಳು, ಆದರೆ ನಿಷ್ಠುರಳು. ಮಗಳಿಗೆ ಒಂದು ಗೊಂಬೆಯನ್ನೂ ಕೊಡಿಸಿದವಳಲ್ಲ. ತನ್ನ ಬಾಲ್ಯ ಸುಖವಿಲ್ಲದೆ ಕಳೆಯಿತೆಂದು ಝೆಲಿ ತಮ್ಮನಿಗೆ ಬರೆದಿದ್ದಾಳೆ. ತನ್ನ ಮಕ್ಕಳ ವಿಷಯದಲ್ಲಿ ಅವಳು ಆ ದಾರಿಯನ್ನು ಬಿಟ್ಟು ಆಟಿಕೆಗಳನ್ನೂ ನಗುವನ್ನೂ ಪ್ರಾರ್ಥನೆಯ ಜೊತೆಗೇ ಮನೆಯೊಳಗೆ ತಂದಳು. ಭಕ್ತಿಯ ಹೆಸರಿನಲ್ಲಿ ತಾನು ಉಂಡ ಕಹಿಯನ್ನು ಮುಂದಿನ ಪೀಳಿಗೆಗೆ ಬಡಿಸದಿರುವುದೂ ಒಂದು ಧರ್ಮಾಚರಣೆಯೇ.

ಕಾಣದೆ ಹೋದ ನೋವು

ಮೂರನೆಯ ಮಗಳು ಲೆಯೋನಿ ಹಟಮಾರಿ, ಓದಿನಲ್ಲಿ ಹಿಂದೆ, ಯಾರ ಮಾತಿಗೂ ಬಗ್ಗದವಳು. ಶಾಲೆಯಿಂದಲೂ ಅವಳನ್ನು ಹಿಂದಕ್ಕೆ ಕಳುಹಿಸಿದರು. ತಾಯಿ ಪ್ರಾರ್ಥಿಸಿದಳು, ಬುದ್ಧಿ ಹೇಳಿದಳು, ಅತ್ತಳು. 1877ರಲ್ಲಿ ಹಿರಿಯ ಮಗಳು ಮರೀ ನಿಜಸಂಗತಿಯನ್ನು ಪತ್ತೆಮಾಡಿದಳು. ಮನೆಯಲ್ಲಿ ಬಹುಕಾಲದಿಂದ ನಂಬಿಕೆಯಿಂದಿದ್ದ ಕೆಲಸದವಳು ಲೆಯೋನಿಯನ್ನು ಗುಟ್ಟಾಗಿ ಬೆದರಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ತಾಯಿಯ ಮಾತು ಕೇಳಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು. ಒಂದೇ ಸೂರಿನಡಿಯಲ್ಲಿ, ಅಷ್ಟೊಂದು ಪ್ರೀತಿಸುವ ತಂದೆತಾಯಿಗಳ ಎದುರಿನಲ್ಲಿಯೇ, ಮಗುವೊಂದು ವರ್ಷಗಟ್ಟಲೆ ನರಳಿತ್ತು. ಎಲ್ಲರೂ ಅದನ್ನು ದುರ್ಗುಣವೆಂದೇ ತಿಳಿದಿದ್ದರು. ಸತ್ಯ ತಿಳಿದ ದಿನದಿಂದ ಝೆಲಿ ಆ ಮಗಳನ್ನು ತನ್ನ ಬಳಿಯೇ ಇರಿಸಿಕೊಂಡಳು, ಲೆಯೋನಿಯೂ ತಾಯಿಯನ್ನು ಬಿಟ್ಟು ಕದಲಲಿಲ್ಲ. ಆದರೆ ಆ ತಾಯಿಗೆ ಉಳಿದಿದ್ದುದು ಕೆಲವೇ ತಿಂಗಳು.

ಮಕ್ಕಳಿಗೆ ದುಃಖದ ತತ್ತ್ವವನ್ನು ಬೋಧಿಸುವ ಹಿರಿಯರು ಮೊದಲು ಮಾಡಬೇಕಾದ ಕೆಲಸ ಯಾವುದೆಂಬುದನ್ನು ಈ ಘಟನೆ ಸ್ಪಷ್ಟಪಡಿಸುತ್ತದೆ. ತಡೆಯಬಹುದಾದ ನೋವನ್ನು ಮೊದಲು ತಡೆಯಬೇಕು. ತಡೆಯಬಹುದಾದದ್ದನ್ನು ದೇವರಿಚ್ಛೆಯೆಂದು ಸಹಿಸಲು ಕಲಿಸುವುದು ಶ್ರದ್ಧೆಯೆನಿಸುವುದಿಲ್ಲ. ಅದು ಹಿರಿಯರ ಅಲಕ್ಷ್ಯಕ್ಕೆ ಹೊದಿಸಿದ ಪವಿತ್ರ ವಸ್ತ್ರವಷ್ಟೆ.

ತಾಯಿಯ ಕಾಯಿಲೆ

ಝೆಲಿಗೆ ಸ್ತನದಲ್ಲಿ ಗಂಟು ಕಾಣಿಸಿಕೊಂಡು ವರ್ಷಗಳಾಗಿದ್ದವು. 1876ರ ಡಿಸೆಂಬರಿನಲ್ಲಿ ವೈದ್ಯರು ಅದು ಗುಣವಾಗದ ಕ್ಯಾನ್ಸರ್ ಎಂದು ತಿಳಿಸಿದರು. ಬರೆದುಕೊಟ್ಟ ಔಷಧಿಯಿಂದ ಪ್ರಯೋಜನವೇನೆಂದು ಅವಳು ಕೇಳಲಾಗಿ, ರೋಗಿಯ ಸಮಾಧಾನಕ್ಕಲ್ಲದೆ ಬೇರೇನೂ ಇಲ್ಲವೆಂಬ ಉತ್ತರ ಬಂದಿತು. ಅವಳು ಮನೆಗೆ ಬಂದು ಎಲ್ಲವನ್ನೂ ಹೇಳಿಬಿಟ್ಟಳು. ಮನೆಯವರೆಲ್ಲ ಅತ್ತರು, ಲೆಯೋನಿ ಬಿಕ್ಕಿಬಿಕ್ಕಿ ಅತ್ತಳು. ಹೇಳಬಾರದಿತ್ತೇನೋ ಎಂದು ಝೆಲಿಗೆ ಅನಂತರ ಅನ್ನಿಸಿತು. ಇಂಥ ಕಾಯಿಲೆಯಲ್ಲಿಯೇ ಹತ್ತು ಹದಿನೈದು ವರ್ಷ ಬದುಕಿದವರ ಹೆಸರುಗಳನ್ನು ಹೇಳಿ, ಎಂದಿನಂತೆ ನಗುನಗುತ್ತ ಲೇಸಿನ ಕೆಲಸಕ್ಕೆ ಕುಳಿತು ಅವಳು ಮನೆಯವರನ್ನು ಸಂತೈಸಿದಳು.

1877ರ ಜೂನಿನಲ್ಲಿ ಅವಳು ಮೂವರು ಹಿರಿಯ ಹೆಣ್ಣುಮಕ್ಕಳೊಂದಿಗೆ ಲೂರ್ದ್ ಕ್ಷೇತ್ರಕ್ಕೆ ಯಾತ್ರೆ ಹೋಗಿ ಅಲ್ಲಿಯ ತೀರ್ಥದಲ್ಲಿ ಸ್ನಾನ ಮಾಡಿದಳು. ಗುಣವಾಗಲಿಲ್ಲ. ತಾಯಿ ಗುಣವಾಗಿಯೇ ಬರುತ್ತಾಳೆಂದು ನಂಬಿದ್ದ ಮಕ್ಕಳ ಮುಂದೆ ಆ ಶ್ರದ್ಧೆಯೇ ಪ್ರಶ್ನೆಯಾಗಿ ನಿಂತಿತು. ನೋವಿನಿಂದ ಜರ್ಜರಿತಳಾಗಿದ್ದರೂ ಹಿಂದಿರುಗುವ ಹಾದಿಯಲ್ಲಿ ಮಕ್ಕಳಿಗೆ ಧೈರ್ಯ ಹೇಳಿದವಳು ರೋಗಿಯಾದ ತಾಯಿಯೇ. ಕೇಳಿದ್ದು ಸಿಗದಿದ್ದರೂ ಕೇಳಿದ ಸಂಬಂಧ ಕಡಿಯುವುದಿಲ್ಲ ಎಂಬುದನ್ನು ಅವಳು ಬಾಯಿಮಾತಿಗಿಂತ ಹೆಚ್ಚಾಗಿ ನಡತೆಯಿಂದ ತೋರಿಸಿದಳು. ಅದೇ ವರ್ಷ ಆಗಸ್ಟ್ 28ರಂದು, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ ಅವಳು ಕಣ್ಮುಚ್ಚಿದಳು.

ಕಿರಿಯರಾದ ಸೆಲಿನ್ ಮತ್ತು ತೆರೇಸಾರಿಗೆ ಆಗ ಎಂಟು ಮತ್ತು ನಾಲ್ಕು ವರ್ಷ. ಕೊನೆಯ ದಿನಗಳಲ್ಲಿ ಅವರನ್ನು ಬೆಳಗಾಗುತ್ತಲೇ ಬಂಧುಗಳ ಮನೆಗೆ ಕಳುಹಿಸುತ್ತಿದ್ದರು. ತೆರೇಸಾ ಬೆಳೆದ ಮೇಲೆ ಬರೆದ ಆತ್ಮವೃತ್ತಾಂತದಲ್ಲಿ ಆ ದಿನಗಳ ಚಿತ್ರವಿದೆ. ಒಂದು ಬೆಳಿಗ್ಗೆ ಪ್ರಾರ್ಥನೆ ಹೇಳಿಸುವವರಿಲ್ಲದೆ, ಅಮ್ಮನಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಇಬ್ಬರೂ ಮನಸ್ಸು ಕುಗ್ಗಿಸಿಕೊಂಡರು. ಯಾರೋ ಕೊಟ್ಟ ಒಂದು ಏಪ್ರಿಕಾಟ್ ಹಣ್ಣನ್ನು ತಿನ್ನದೆ, ಅಮ್ಮನಿಗೆ ಕೊಡೋಣವೆಂದು ಸೆಲಿನ್ ಜೋಪಾನವಾಗಿ ತಂದಳು. ಆ ವೇಳೆಗೆ ತಾಯಿ ಹಣ್ಣು ತಿನ್ನುವ ಸ್ಥಿತಿಯನ್ನು ದಾಟಿದ್ದಳು. ಮರುದಿನ ತಂದೆ ತೆರೇಸಾಳನ್ನು ಎತ್ತಿಕೊಂಡು ಹೋಗಿ ತಾಯಿಯ ತಣ್ಣನೆಯ ಹಣೆಗೆ ಕಡೆಯ ಮುತ್ತನ್ನು ಕೊಡಿಸಿದನು. ಶವಪೆಟ್ಟಿಗೆಯ ಮುಚ್ಚಳವನ್ನು ನಡುಮನೆಯ ದಾರಿಯಲ್ಲಿ ಕಂಡ ಮಗು ಅದರ ಮುಂದೆ ಬಹಳ ಹೊತ್ತು ಒಂಟಿಯಾಗಿ ನಿಂತಿತ್ತು. ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ತನಗೆ ಏನನ್ನು ಕಾಣಿಸಬಾರದೆಂದು ಎಲ್ಲರೂ ಬಯಸಿದ್ದರೋ ಅದೆಲ್ಲವನ್ನೂ ತಾನು ಕಂಡಿದ್ದೆನೆಂಬುದು ಅವಳ ನೆನಪಿನ ಸಾರ. ಶವಸಂಸ್ಕಾರದ ನಂತರ ಸೆಲಿನ್ ಅಕ್ಕ ಮರೀಯನ್ನು ಅಪ್ಪಿಕೊಂಡು ಇನ್ನು ನೀನೇ ಅಮ್ಮ ಎಂದಾಗ, ತೆರೇಸಾ ಪೌಲೀನ್‌ಳನ್ನು ಆರಿಸಿಕೊಂಡಳು. ಹದಿನೇಳರ ಮತ್ತು ಹದಿನೈದರ ಆ ಅಕ್ಕಂದಿರು ಆ ಭಾರವನ್ನು ಹೊತ್ತರು.

ಹೇಳದೆ ಉಳಿದದ್ದರ ಬೆಲೆ

ಕುಟುಂಬವು ತಾಯಿಯ ತಮ್ಮನಿದ್ದ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿತು. ಲವಲವಿಕೆಯ ಮಗುವಾಗಿದ್ದ ತೆರೇಸಾ ತಾಯಿಯ ಮರಣದ ನಂತರ ಅಂಜುಬುರುಕಿಯಾಗಿ, ಮಾತುಮಾತಿಗೆ ಕಣ್ಣೀರಿಡುವವಳಾದಳು. ಸುಮಾರು ಹತ್ತು ವರ್ಷ ಅವಳು ಹಾಗೆಯೇ ಇದ್ದಳು. 1882ರಲ್ಲಿ ಪೌಲೀನ್ ಕಾರ್ಮೆಲ್ ಮಠವನ್ನು ಸೇರಲು ನಿಶ್ಚಯಿಸಿದ ಸುದ್ದಿ ತೆರೇಸಾಳಿಗೆ ತಿಳಿದದ್ದು ಅಕ್ಕಂದಿರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಕಿವಿಗೆ ಬಿದ್ದುದರಿಂದ. ಎರಡನೆಯ ತಾಯಿಯನ್ನೂ ಕಳೆದುಕೊಂಡ ಹತ್ತು ವರ್ಷದ ಬಾಲಕಿ ಮುಂದಿನ ವಸಂತದಲ್ಲಿ ಮೈನಡುಕ, ಭಯ, ಭ್ರಮೆಗಳಿಂದ ಹಾಸಿಗೆ ಹಿಡಿದಳು. 1883ರ ಮೇ 13ರಂದು, ಹಿಂದೆ ತಾಯಿ ಪ್ರಾರ್ಥಿಸುತ್ತಿದ್ದ ಅದೇ ಮೇರಿಯ ಪ್ರತಿಮೆಯ ಮುಂದೆ ಅವಳು ಗುಣಹೊಂದಿದಳೆಂದು ಆ ಮನೆಯವರು ನಂಬಿದರು. ಭಕ್ತರು ಅದನ್ನು ಪವಾಡವೆನ್ನಲಿ, ವೈದ್ಯರು ಬೇರೇನನ್ನಾದರೂ ಹೇಳಲಿ, ಒಂದು ಸಂಗತಿ ಮಾತ್ರ ನಿರ್ವಿವಾದ. ಮಗುವಿಗೆ ಹೇಳದೆ ಬಿಟ್ಟ ಸುದ್ದಿಯೂ ಮಗುವನ್ನು ತಲಪುತ್ತದೆ. ಸಮಾಧಾನಪಡಿಸುವವರು ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ತಲಪುತ್ತದೆ.

ತಂದೆಯ ಸರದಿ ಅನಂತರ ಬಂದಿತು. ಪಾರ್ಶ್ವವಾಯುವಿನ ಆಘಾತಗಳಿಂದ ಲೂಯಿಯ ಬುದ್ಧಿ ಮಸುಕಾಯಿತು. 1889ರ ಫೆಬ್ರುವರಿ 12ರಂದು ಅವನನ್ನು ಕಾನ್ ನಗರದ ಮನೋರೋಗ ಚಿಕಿತ್ಸಾಲಯಕ್ಕೆ ಸೇರಿಸಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಅಲ್ಲಿದ್ದನು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತೆಂದು ಊರಿನವರು ಆಡಿಕೊಂಡರು. ಮಾನಸಿಕ ಕಾಯಿಲೆಯೆಂದರೆ ಕಳಂಕವೆಂದು ಭಾವಿಸುತ್ತಿದ್ದ ಆ ಕಾಲದಲ್ಲಿ ಸೆಲಿನ್ ಮತ್ತು ಲೆಯೋನಿ ಕೆಲವು ತಿಂಗಳು ಅದೇ ನಗರದಲ್ಲಿ ವಾಸವಿದ್ದು ತಂದೆಯ ಬಳಿಗೆ ಹೋಗಿಬರುತ್ತಿದ್ದರು. 1892ರಲ್ಲಿ ಅವನು ಮನೆಗೆ ಬಂದನು. 1894ರ ಜುಲೈ 29ರಂದು ತೀರಿಕೊಳ್ಳುವವರೆಗೆ ಸೆಲಿನ್ ಅವನ ಸೇವೆ ಮಾಡಿದಳು. ಕ್ರಿಸ್ತನ ಅವಮಾನಿತ ಮುಖದಲ್ಲಿ ಮಕ್ಕಳು ತಮ್ಮ ತಂದೆಯ ಮುಖವನ್ನು ಕಂಡರು. ಅವನ ರೋಗಕ್ಕೆ ಅವರು ಯಾವ ಪಾಪವನ್ನೂ ಹುಡುಕಲಿಲ್ಲ; ಯೋಬನ ಮಿತ್ರರಂತೆ ಮಾತನಾಡಿದವರು ಊರಿನವರು.

ಲೆಕ್ಕದ ಮಣಿ ಮತ್ತು ಬರಿಗೈ

ವರ್ತಕರ ಮನಸ್ಸಿಗೆ ನಾಟುವ ಒಂದು ಸಂಗತಿ ಈ ಕಥೆಯಲ್ಲಿದೆ. ಮಾಡಿದ ಸಣ್ಣ ಸಣ್ಣ ತ್ಯಾಗಗಳನ್ನು ಎಣಿಸಲೆಂದು ಈ ಮನೆಯ ಮಕ್ಕಳ ಬಳಿ ಸರಿಸುವ ಮಣಿಗಳ ಸರವಿತ್ತು. ನಾಲ್ಕು ವರ್ಷದ ತೆರೇಸಾ ದಿನಕ್ಕೆ ಎಷ್ಟೋ ಬಾರಿ ಜೇಬಿಗೆ ಕೈಹಾಕಿ ಒಂದೊಂದು ಮಣಿಯನ್ನು ಸರಿಸುತ್ತಿದ್ದಳೆಂದು ತಾಯಿ ಪತ್ರದಲ್ಲಿ ನಗುತ್ತ ಬರೆದಿದ್ದಾಳೆ. ಮಕ್ಕಳಿಗೆ ಸಂಯಮವನ್ನು ಕಲಿಸಲು ಅದು ಒಳ್ಳೆಯ ಸಾಧನವೇ. ಆದರೆ ಪುಣ್ಯಕ್ಕೆ ಖಾತೆಯಿದ್ದರೆ ಪ್ರತಿಫಲವನ್ನೂ ಮಗು ನಿರೀಕ್ಷಿಸುತ್ತದೆ. ಇಷ್ಟು ಮಣಿ ಸರಿಸಿದರೂ ಅಮ್ಮ ಏಕೆ ಬದುಕಲಿಲ್ಲ ಎಂಬ ಪ್ರಶ್ನೆ ಆ ಖಾತೆಯಿಂದಲೇ ಏಳುತ್ತದೆ. ತೆರೇಸಾ ದೊಡ್ಡವಳಾದ ಮೇಲೆ ಈ ಲೆಕ್ಕಾಚಾರವನ್ನೇ ಬಿಟ್ಟಳು. 1895ರ ಜೂನ್ 9ರಂದು ಮಾಡಿದ ಆತ್ಮಸಮರ್ಪಣೆಯಲ್ಲಿ, ತನ್ನ ಸತ್ಕಾರ್ಯಗಳನ್ನು ಎಣಿಸಬೇಡವೆಂದೂ ಬರಿಗೈಯಲ್ಲಿ ಬರುವೆನೆಂದೂ ಅವಳು ದೇವರಲ್ಲಿ ಅರಿಕೆ ಮಾಡಿಕೊಂಡಳು.

ಇಷ್ಟೆಲ್ಲ ಸಂಸ್ಕಾರ ಪಡೆದ ಅವಳ ಶ್ರದ್ಧೆಯೂ ಪರೀಕ್ಷೆಗೆ ಒಳಗಾಗದೆ ಉಳಿಯಲಿಲ್ಲ. 1896ರ ಈಸ್ಟರ್ ಹಬ್ಬದ ಸಮಯದಲ್ಲಿ ಕ್ಷಯರೋಗದ ರಕ್ತ ಕಾಣಿಸಿಕೊಂಡಿತು. ಅದರ ಜೊತೆಗೇ, ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಕತ್ತಲೆ ಅವಳ ಮನಸ್ಸನ್ನು ಕವಿಯಿತು. 1897ರ ಸೆಪ್ಟೆಂಬರ್ 30ರಂದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಕತ್ತಲೆ ಸಂಪೂರ್ಣವಾಗಿ ತಿಳಿಯಾಗಲಿಲ್ಲ. ಅವಳು ಅದನ್ನು ಮುಚ್ಚಿಡದೆ ಬರೆದಳು. ದೇವರಲ್ಲಿ ನಂಬಿಕೆಯಿಲ್ಲದವರೊಂದಿಗೆ ಒಂದೇ ಪಂಕ್ತಿಯಲ್ಲಿ ತಾನೂ ಕುಳಿತಿರುವೆನೆಂದು ಭಾವಿಸಿ ಅವರಿಗಾಗಿಯೂ ಪ್ರಾರ್ಥಿಸಿದಳು. ಇಂಥವಳನ್ನು ಅವರ ಧರ್ಮಸಭೆ 1925ರಲ್ಲಿ ಸಂತಳೆಂದೂ 1997ರಲ್ಲಿ ಧರ್ಮಪಂಡಿತೆಯೆಂದೂ ಘೋಷಿಸಿತು. ಲೂಯಿ ಮತ್ತು ಝೆಲಿ 2015ರ ಅಕ್ಟೋಬರ್ 18ರಂದು ಸಂತಪದವಿಗೆ ಏರಿದರು. ದಂಪತಿಗಳಿಬ್ಬರನ್ನು ಒಟ್ಟಿಗೆ ಹಾಗೆ ಗೌರವಿಸಿದ್ದು ಅದೇ ಮೊದಲು. ಹಟಮಾರಿ ಲೆಯೋನಿ ಹಲವು ಬಾರಿ ಸೋತು, ಕೊನೆಗೆ ಮಠದಲ್ಲಿ ನೆಲೆನಿಂತು 1941ರಲ್ಲಿ ತೀರಿಕೊಂಡಳು. ಅವಳನ್ನೂ ಸಂತಳೆಂದು ಪರಿಗಣಿಸುವ ವಿಚಾರಣೆ 2015ರಲ್ಲಿಯೇ ಆರಂಭವಾಯಿತು.

ಈ ಪರಂಪರೆಗೂ ಕನ್ನಡ ನಾಡಿಗೂ ಸಂಬಂಧವಿದೆ. ಹೆಲೆನ್ ತೀರಿಕೊಂಡ 1870ರಲ್ಲಿಯೇ ಫ್ರಾನ್ಸಿನ ಪೋ ನಗರದಿಂದ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿಗೆ ಬಂದು ಮಠವನ್ನು ಸ್ಥಾಪಿಸಿದರು. ಎಳೆವೆಯಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ, ಪ್ಯಾಲೆಸ್ಟೈನ್ ದೇಶದ ಮರಿಯಂ ಬವಾರ್ದಿ ಎಂಬುವಳು ಅವರಲ್ಲಿದ್ದಳು. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತದೀಕ್ಷೆ ಪಡೆದ ಅವಳೂ 2015ರಲ್ಲಿ ಸಂತಪದವಿ ಪಡೆದಳು. ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ಮುಸ್ಸಂಜೆ ದೀಪದೆದುರು ಮನೆಮಂದಿಯೆಲ್ಲ ಕುಳಿತು ‘ತೇರ್ಸ್’ ಎಂಬ ಜಪಸರದ ಪ್ರಾರ್ಥನೆಯನ್ನು ಹೇಳುವುದು, ಅದು ಮುಗಿದೊಡನೆ ಕಿರಿಯರು ಹಿರಿಯರಿಂದ ‘ಬೆಸಾಂವ್’ ಎಂಬ ಆಶೀರ್ವಾದವನ್ನು ಬೇಡುವುದು ಹಳೆಯ ಪದ್ಧತಿ. ಆ ಜಪದಲ್ಲಿ ಯೇಸುವಿನ ಜನನದ ಸಂತೋಷವೂ ಶಿಲುಬೆಯ ದುಃಖವೂ ಪುನರುತ್ಥಾನದ ಮಹಿಮೆಯೂ ವಾರದ ದಿನಗಳಲ್ಲಿ ಸರದಿಯಂತೆ ಬರುತ್ತವೆ. ಮನೆಯಲ್ಲಿ ಸಾವು ಸಂಭವಿಸುವುದಕ್ಕೆ ಎಷ್ಟೋ ಮೊದಲೇ ದುಃಖವೆಂಬುದು ಬದುಕಿನ ಒಂದು ಸರದಿ ಎಂಬುದು ಮಗುವಿನ ಕಿವಿಗೆ ಬಿದ್ದಿರುತ್ತದೆ.

ಈ ಚರಿತ್ರೆಯಿಂದ ಗೃಹಸ್ಥರು ಗ್ರಹಿಸಬಹುದಾದ ಅಂಶಗಳು ಹೆಚ್ಚಿಲ್ಲ, ಆದರೆ ಆಚರಣೆಗೆ ಸುಲಭವೂ ಅಲ್ಲ. ಮಗುವಿಗೆ ಸುಳ್ಳು ಹೇಳಬಾರದು. ಅದರ ವಯಸ್ಸಿಗೆ ತಕ್ಕಷ್ಟು ಸತ್ಯವನ್ನು, ಪ್ರೀತಿಸುವವರ ಬಾಯಿಂದಲೇ, ಸಕಾಲದಲ್ಲಿ ಹೇಳಬೇಕು. ನೋವನ್ನು ಯಾರ ಪಾಪದ ಖಾತೆಗೂ ಬರೆಯಬಾರದು. ತೀರಿಹೋದವರ ಹೆಸರನ್ನು ಮನೆಯಲ್ಲಿ ಆಡುತ್ತಿರಬೇಕು. ಹಟ ಮಾಡುವ ಮಗುವನ್ನು ದಂಡಿಸುವ ಮೊದಲು ಅದಕ್ಕೆ ಎಲ್ಲಿ ನೋಯುತ್ತಿದೆಯೆಂದು ವಿಚಾರಿಸಬೇಕು. ಉತ್ತರ ತಿಳಿಯದಿದ್ದಾಗ ತಿಳಿಯದೆಂದು ಒಪ್ಪಿಕೊಂಡು, ಮಗುವಿನ ಜೊತೆಯಲ್ಲಿ ಅಳಲು ಹಿರಿಯರು ನಾಚಬಾರದು. ದುಃಖದ ಕಾರಣವನ್ನು ಒಂದೊಂದು ಮತವೂ ತನ್ನ ಶಾಸ್ತ್ರದಂತೆ ವಿವರಿಸುತ್ತದೆ. ಆ ವಿವರಣೆಯನ್ನು ಮಗು ಬೆಳೆದಂತೆ ತಾನೇ ಓದಿ ತೂಗಿನೋಡೀತು. ಅಂದಿನವರೆಗೆ ಅದಕ್ಕೆ ಬೇಕಾದದ್ದು ಹಿಡಿದುಕೊಳ್ಳಲು ಒಂದು ಕೈ, ಮತ್ತು ಆ ಕೈ ತನ್ನನ್ನು ಬಿಡುವುದಿಲ್ಲವೆಂಬ ನಂಬಿಕೆ. ಹಿರಿಯರ ಮಾತಿನಲ್ಲಿ ಅಂಥ ನಂಬಿಕೆ ಬೆಳೆದ ಮನೆಯಲ್ಲಿ ದೇವರಲ್ಲಿಯ ನಂಬಿಕೆಗೂ ಎಡೆ ದೊರೆಯುತ್ತದೆ.